ಡೀಸೆಲ್ ಕಾರಿನ ಟರ್ಬೋ ಅಕಾಲದಲ್ಲಿ ಕೆಡುವುದೇಕೆ?

ಸದಸ್ಯ ಬಾಂಧವರಲ್ಲಿ ಅನೇಕರ ಮನೆಯಲ್ಲಿ ಡೀಸೆಲ್ ಕಾರು ಅಥವಾ ಜೀಪು ಇದೆ. ಅದರ ಟರ್ಬೋ ಕೆಟ್ಟರೆ ಸಣ್ಣ ಬೆಳೆಗಾರನ ಒಂದು ಹಂಗಾಮಿನ ಉಳಿತಾಯವೇ ಕರಗಬಹುದು. ಹೊಸದನ್ನು ಹಾಕಿಸಿದ ಕೆಲವೇ ತಿಂಗಳಲ್ಲಿ ಅದೂ ಕೆಟ್ಟರೆ ನಷ್ಟ ಇಮ್ಮಡಿ. ಆದ್ದರಿಂದ ಈ ಪಾಠದಲ್ಲಿ ಮುಖ್ಯವಾಗಿ ಒಂದು ಮಾತನ್ನು ತಿಳಿದುಕೊಳ್ಳೋಣ: ಟರ್ಬೋ ತಾನಾಗಿ ಕೆಡುವುದು ಅಪರೂಪ, ಬೇರೆ ಯಾವುದೋ ದೋಷ ಅದನ್ನು ಕೆಡಿಸುತ್ತದೆ.

ಟರ್ಬೋ ಎಂದರೇನು?

ಎಂಜಿನ್ ಹೊರಬಿಡುವ ಬಿಸಿ ಹೊಗೆಯ ರಭಸದಿಂದ ಒಂದು ಚಕ್ರ ತಿರುಗುತ್ತದೆ. ಅದೇ ಶಾಫ್ಟಿನ ಇನ್ನೊಂದು ತುದಿಯ ಚಕ್ರ ಹೊರಗಿನ ಗಾಳಿಯನ್ನು ಒತ್ತಿ ಎಂಜಿನ್ನಿಗೆ ತುಂಬುತ್ತದೆ. ಗಾಳಿ ಹೆಚ್ಚಿದಷ್ಟೂ ಡೀಸೆಲ್ ಚೆನ್ನಾಗಿ ಉರಿದು ಶಕ್ತಿ ಹೆಚ್ಚುತ್ತದೆ. ಸ್ವಿಟ್ಜರ್ಲೆಂಡಿನ ಎಂಜಿನಿಯರ್ ಆಲ್ಫ್ರೆಡ್ ಬ್ಯೂಖಿ 1905ರಲ್ಲಿ ಇದಕ್ಕೆ ಪೇಟೆಂಟ್ ಪಡೆದರು. ಡೀಸೆಲ್ ಕಾರಿಗೆ ಇದು ಬಂದದ್ದು 1978ರಲ್ಲಿ, ಮರ್ಸಿಡಿಸ್ ಬೆಂಜ್ ಕಂಪನಿಯ ಕಾರಿನಲ್ಲಿ.

ಈ ಶಾಫ್ಟ್ ನಿಮಿಷಕ್ಕೆ ಒಂದು ಲಕ್ಷಕ್ಕೂ ಹೆಚ್ಚು ಸುತ್ತು ತಿರುಗುತ್ತದೆ. ಅದನ್ನು ಹೊತ್ತಿರುವುದು ಎಂಜಿನ್ ಆಯಿಲಿನ ತೆಳುವಾದ ಪದರ. ಆ ಪದರ ಕ್ಷಣಕಾಲ ತಪ್ಪಿದರೂ ಲೋಹಕ್ಕೆ ಲೋಹ ತಾಗಿ ಸವೆಯುತ್ತದೆ.

ಗಡಿನಾಡಿನ ರಸ್ತೆಯ ಉದಾಹರಣೆ

ಟರ್ಬೋ ಕೆಡಿಸುವ ಕಾರಣಗಳನ್ನು ತಿಳಿಯಲು ಬೆಳಗಾವಿ ಜಿಲ್ಲೆಯ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ತಾಲ್ಲೂಕುಗಳ ಓಡಾಟವನ್ನು ನೋಡೋಣ. ಮಲೆನಾಡಿನಿಂದ ಕೊಲ್ಲಾಪುರದ ಮಹಾಲಕ್ಷ್ಮಿ ದರ್ಶನಕ್ಕೆ ಹೋಗಿಬರುವವರು ನಿಪ್ಪಾಣಿಯ ಹೆದ್ದಾರಿಯನ್ನು ಬಲ್ಲರು.

ಮೊದಲನೆಯದು ಧೂಳು. ಕಬ್ಬು ಕಟಾವಿನ ಕಾಲದಲ್ಲಿ ಕಬ್ಬು ತುಂಬಿದ ಟ್ರ್ಯಾಕ್ಟರುಗಳ ಹಿಂದೆ, ಭಾರತ ಹುಣ್ಣಿಮೆಯ ಸಮಯದಲ್ಲಿ ಚಿಂಚಲಿ ಮಾಯಕ್ಕನ ಜಾತ್ರೆಯ ದಾರಿಯಲ್ಲಿ ಏಳುವ ಧೂಳು ಏರ್ ಫಿಲ್ಟರನ್ನು ಬೇಗ ಕಟ್ಟಿಸುತ್ತದೆ. ಫಿಲ್ಟರ್ ಹರಿದಿದ್ದರೆ ಅಥವಾ ಅದರ ಪೆಟ್ಟಿಗೆ ಸರಿಯಾಗಿ ಮುಚ್ಚದಿದ್ದರೆ ಧೂಳು ನೇರವಾಗಿ ಒಳಹೊಕ್ಕು ಚಕ್ರದ ಅಲಗುಗಳನ್ನು ತಿನ್ನುತ್ತದೆ.

ಎರಡನೆಯದು ಏರು. ನಿಪ್ಪಾಣಿಯಿಂದ ಬೆಳಗಾವಿಯತ್ತ ಬರುವಾಗ ತವಂದಿ ಘಾಟ ಹತ್ತಬೇಕು. ತುಂಬಿದ ಗಾಡಿ ಏರು ಹತ್ತಿದಾಗ ಟರ್ಬೋ ಕಾದಿರುತ್ತದೆ. ಕೂಡಲೇ ಚಹಾಕ್ಕೆಂದು ನಿಲ್ಲಿಸಿ ಕೀಲಿ ತಿರುಗಿಸಿದರೆ ಆಯಿಲಿನ ಹರಿವು ನಿಲ್ಲುತ್ತದೆ. ಒಳಗೆ ಉಳಿದ ಆಯಿಲ್ ಸುಟ್ಟು ಕರಿಯಾಗಿ ಗಟ್ಟಿಯಾಗುತ್ತದೆ. ಆ ಕರಿ ಆಯಿಲಿನ ದಾರಿಯನ್ನು ಕಟ್ಟುತ್ತದೆ.

ಮೂರನೆಯದು ಸಣ್ಣ ಓಡಾಟ. ಊರಿಂದ ಹೊಲಕ್ಕೆ, ಹೊಲದಿಂದ ಊರಿಗೆ. 2020ರ ಏಪ್ರಿಲ್ 1ರಿಂದ ಜಾರಿಗೆ ಬಂದ ಭಾರತ್ ಸ್ಟೇಜ್ 6 ನಿಯಮದ ಡೀಸೆಲ್ ಕಾರುಗಳಲ್ಲಿ ಮಸಿ ಹಿಡಿಯುವ ಫಿಲ್ಟರ್ ಇರುತ್ತದೆ. ಆ ಮಸಿಯನ್ನು ಸುಡಲು ಎಂಜಿನ್ ಆಗಾಗ ಹೆಚ್ಚು ಡೀಸೆಲ್ ಚಿಮ್ಮಿಸುತ್ತದೆ. ಅಷ್ಟರಲ್ಲೇ ಗಾಡಿ ನಿಲ್ಲಿಸುತ್ತಿದ್ದರೆ ಡೀಸೆಲ್ ಎಂಜಿನ್ ಆಯಿಲಿಗೆ ಇಳಿದು ಅದನ್ನು ತೆಳುವಾಗಿಸಬಹುದು.

ನಮ್ಮ ತೋಟದ ದಾರಿಗಳಲ್ಲೂ ಈ ಮೂರೂ ಇವೆ ಎಂಬುದನ್ನು ಹೇಳಬೇಕಾಗಿಲ್ಲ.

ಲಕ್ಷಣಗಳು

ಸೈರನ್ನಿನಂತೆ ಹೆಚ್ಚುತ್ತ ಹೋಗುವ ಕೂಗು, ನೀಲಿ ಹೊಗೆ, ಪದೇ ಪದೇ ಕಡಿಮೆಯಾಗುವ ಆಯಿಲ್ — ಇವು ಕಂಡರೆ ಟರ್ಬೋವನ್ನು ಪರೀಕ್ಷಿಸಿಸಬೇಕು. ಆದರೆ ಎಳೆತ ಕಡಿಮೆಯಾಗಿ ಕಪ್ಪು ಹೊಗೆ ಬಂದ ಮಾತ್ರಕ್ಕೆ ಟರ್ಬೋ ಹೋಯಿತೆಂದು ತೀರ್ಮಾನಿಸಬಾರದು. ಗಾಳಿಯ ರಬ್ಬರ್ ಕೊಳವೆ ಸೀಳಿರಬಹುದು, ಕ್ಲಿಪ್ಪು ಸಡಿಲಾಗಿರಬಹುದು, ಫಿಲ್ಟರ್ ಕಟ್ಟಿರಬಹುದು. ಇವು ಕಡಿಮೆ ಖರ್ಚಿನ ರಿಪೇರಿಗಳು. ಇವನ್ನೇ ಮೊದಲು ನೋಡಿಸಿರಿ.

ಒಂದು ಎಚ್ಚರಿಕೆ. ಟರ್ಬೋದಿಂದ ಸೋರಿದ ಆಯಿಲ್ ಎಂಜಿನ್ನಿಗೆ ಹೋದರೆ ಎಂಜಿನ್ ಅದನ್ನೇ ಉರಿಸಿಕೊಂಡು, ಕೀಲಿ ತೆಗೆದರೂ ನಿಲ್ಲದೆ ಭೋರ್ಗರೆಯಬಹುದು. ಗೇರಿನ ಗಾಡಿಯಾದರೆ ಬ್ರೇಕ್ ಬಲವಾಗಿ ತುಳಿದು, ಕೊನೆಯ ಗೇರ್ ಹಾಕಿ, ಕ್ಲಚ್ ಬಿಟ್ಟು ಎಂಜಿನ್ ನಿಲ್ಲಿಸಬೇಕು. ಸಾಧ್ಯವಾಗದಿದ್ದರೆ ಎಲ್ಲರೂ ಇಳಿದು ದೂರ ನಿಲ್ಲಬೇಕು. ಬಾನೆಟ್ಟಿನೊಳಗೆ ಕೈ ಹಾಕಬಾರದು.

ಬದಲಿಸುವ ಮುನ್ನ

ಕಾರಣ ಹುಡುಕದೆ ಟರ್ಬೋ ಬದಲಿಸುವುದು, ಕೊಳೆ ಬಂದ ಅಡಿಕೆ ಗೊನೆ ತೆಗೆದುಹಾಕಿ ಉಳಿದ ಗೊನೆಗಳಿಗೆ ಬೋರ್ಡೋ ಹೊಡೆಯದೆ ಬಿಟ್ಟಂತೆ. ಮೆಕ್ಯಾನಿಕ್ಕಿನಿಂದ ಈ ಕೆಲಸಗಳನ್ನು ಕೇಳಿ ಮಾಡಿಸಿಕೊಳ್ಳಿರಿ:

1. ಆಯಿಲ್ ಮತ್ತು ಆಯಿಲ್ ಫಿಲ್ಟರ್ ಹೊಸದಾಗಲಿ.
2. ಟರ್ಬೋಗೆ ಆಯಿಲ್ ತರುವ ಸಣ್ಣ ಕೊಳವೆ ಬದಲಾಗಲಿ. ಮರಳಿ ಹೋಗುವ ಕೊಳವೆ ಕಟ್ಟಿಲ್ಲವೆಂದು ಖಚಿತವಾಗಲಿ.
3. ಇಂಟರ್‌ಕೂಲರಿನಲ್ಲಿ ನಿಂತ ಹಳೆಯ ಆಯಿಲ್, ಲೋಹದ ಚೂರು ತೆಗೆಯಲಿ.
4. ಸ್ಟಾರ್ಟ್ ಮಾಡುವ ಮೊದಲು ಹೊಸ ಟರ್ಬೋಗೆ ಆಯಿಲ್ ತುಂಬಲಿ.
5. ಹಳೆಯ ಟರ್ಬೋ ನಮಗೆ ತೋರಿಸಲಿ. ಅಲಗು ತಿಂದಿದ್ದರೆ ಧೂಳು ಅಥವಾ ಚೂರು, ಶಾಫ್ಟ್ ಸುಟ್ಟು ಗೀರು ಬಿದ್ದಿದ್ದರೆ ಆಯಿಲಿನ ದೋಷ ಎಂದು ಸಾಮಾನ್ಯವಾಗಿ ತಿಳಿಯಬಹುದು.

ನಿತ್ಯದ ಪಾಲನೆ

ಕೈಪಿಡಿಯಲ್ಲಿ ಹೇಳಿದ ದರ್ಜೆಯ ಆಯಿಲನ್ನೇ ಹಾಕಿಸಿ, ಧೂಳಿನ ದಾರಿಗೆ ಹೇಳಿದ ಅವಧಿಯಲ್ಲೇ ಬದಲಿಸಿರಿ. ವಾರಕ್ಕೊಮ್ಮೆ ಕಡ್ಡಿ ಎಳೆದು ನೋಡಿರಿ. ಮಟ್ಟ ಇಳಿದರೆ ಹೇಗೋ ಹಾಗೆಯೇ ಮೇಲಿನ ಗೆರೆ ದಾಟಿ ಏರಿದರೂ ಅಪಾಯ. ಅದು ಡೀಸೆಲ್ ಬೆರೆತ ಗುರುತಾಗಿರಬಹುದು. ಬೆಳಿಗ್ಗೆ ಸ್ಟಾರ್ಟ್ ಮಾಡಿದೊಡನೆ ಆಕ್ಸಿಲರೇಟರ್ ಒತ್ತಬೇಡಿರಿ. ಘಾಟಿ ಹತ್ತಿ ನಿಲ್ಲಿಸುವಾಗ ಒಂದೆರಡು ನಿಮಿಷ ಎಂಜಿನ್ ನಿಧಾನವಾಗಿ ಓಡಲಿ. ಆ ಎರಡು ನಿಮಿಷದ ಡೀಸೆಲ್ ಖರ್ಚು ಟರ್ಬೋದ ಬೆಲೆಯ ಮುಂದೆ ಏನೂ ಅಲ್ಲ.