ಎಡಕ್ಕೆ ವಾಲಿದ ಕಾರು

ನಮ್ಮ 12 ವರ್ಷದ ಸಣ್ಣ ಕಾರು ಹಿಂದುಗಡೆ ಎಡಕ್ಕೆ ಕುಸಿದಿದ್ದನ್ನು ಮೊದಲು ಕಂಡವಳು ಹೆಂಡತಿ. ಎಮ್ಮೆ ಒಂದು ಕಾಲು ಮಡಚಿ ನಿಂತ ಹಾಗಿದೆ ಎಂದಳು. ದೇವಿಮನೆ ಘಟ್ಟ ಇಳಿದು ಕುಮಟಾಕ್ಕೆ ಹೋಗುವಾಗ ಹಿಂದೆ ಇಬ್ಬರು ಕೂತು, ಡಿಕ್ಕಿಯಲ್ಲಿ ಒಂದು ಚೀಲ ತೆಂಗಿನಕಾಯಿ ಇದ್ದರೆ ಸಾಕು, ಹಂಪ್ ಬಂದಲ್ಲೆಲ್ಲ ತಳ ಉಜ್ಜುತ್ತಿತ್ತು.

ಕಾರು ತಗ್ಗಿದರೆ ಶಾಕಬ್ಸರ್ ಹೋಗಿದೆ ಎನ್ನುವುದು ನಮ್ಮೂರಿನ ಕಟ್ಟೆ ತೀರ್ಮಾನ. ನಾನೂ ಆ ಕಟ್ಟೆಯವನೇ. ಎಣ್ಣೆ ಸೋರಿದ ಕಲೆಯೂ ಇತ್ತೆನ್ನಿ. ಹಿಂದಿನ ಎರಡನ್ನೂ ಬದಲಾಯಿಸಿದೆ. ಗುಂಡಿ ದಾಟಿದ ಮೇಲೆ ತೊಟ್ಟಿಲಿನಂತೆ ತೂಗುತ್ತಿದ್ದದ್ದು ನಿಂತಿತು. ಕಾರು ಮಾತ್ರ ವಾಲಿದ ಹಾಗೇ ಇತ್ತು.

ಶಿರಸಿಯಲ್ಲಿ ಇನ್ನೊಬ್ಬ ಮೇಸ್ತ್ರಿಯ ಹತ್ತಿರ ಹೋದೆ. ಆತ ನೇರ ಗಾಡಿಯ ಅಡಿಗೆ ನುಗ್ಗಲಿಲ್ಲ. ಟಯರುಗಳ ಗಾಳಿ ನೋಡಿ, ಡಿಕ್ಕಿ ಖಾಲಿ ಮಾಡಿಸಿ, ಸಿಮೆಂಟ್ ನೆಲದ ಮೇಲೆ ನಿಲ್ಲಿಸಿ, ಚಕ್ರದ ನಡುವಿನಿಂದ ಫೆಂಡರಿನ ಅಂಚಿಗೆ ಟೇಪು ಹಿಡಿದ. ಬಲಗಡೆ 360 ಮಿಲಿಮೀಟರ್, ಎಡಗಡೆ 342.

"ಹೆಗಡೇರೇ, ಗಾಡಿ ಹೊರೋದು ಸ್ಪ್ರಿಂಗು. ಶಾಕಬ್ಸರ್ ಅದು ಕುಣೀದಂತೆ ಹಿಡಿಯೋದಷ್ಟೆ."

ನನ್ನ ಮುಖ ನೋಡಿ, ಮೂಲೆಯಲ್ಲಿದ್ದ ಹಳೆಯ ಶಾಕಬ್ಸರ್ ಒಂದನ್ನು ಕೈಗೆ ಕೊಟ್ಟ. ನೆಲಕ್ಕೆ ಊರಿ ಅದುಮಿದೆ. ರಾಡು ನಿಧಾನವಾಗಿ ಒಳಗೆ ಹೋಗಿ ಅಲ್ಲೇ ಉಳಿಯಿತು. ಅದು ಬರೀ ಎಣ್ಣೆಯದು. ನಾನು ಹಾಕಿಸಿದ್ದು ಗ್ಯಾಸಿನದು. ಅದುಮಿ ಬಿಟ್ಟರೆ ತಾನಾಗಿ ಹೊರಗೆ ಬರುತ್ತದೆ. ಆದರೂ ಆ ಬಲಕ್ಕೆ ಕಾರು ಏಳುವುದು ಕೆಲವೇ ಮಿಲಿಮೀಟರ್.

ಬಿಚ್ಚಿದಾಗ ಎಡಗಡೆ ಸ್ಪ್ರಿಂಗಿನ ಕೆಳಗಿನ ಸುತ್ತು ಮುರಿದು, ಸ್ಪ್ರಿಂಗ್ ಕೂರುವ ಬಟ್ಟಲಿನ ಕೆಸರಿನಲ್ಲೇ ತುಂಡು ಕೂತಿತ್ತು. ಬಣ್ಣ ಎದ್ದಲ್ಲಿ ತುಕ್ಕು, ತುಕ್ಕು ಹಿಡಿದಲ್ಲಿ ಬಿರುಕು; ಮಲೆನಾಡಿನ ಮಳೆಗಾಲ ಮಾಡುವ ಕೆಲಸ. ಮುರಿದ ಮುಖದ ಅರ್ಧಕ್ಕಿಂತ ಹೆಚ್ಚು ಭಾಗ ಕಂದು, ಉಳಿದದ್ದು ಬೂದು ಹೊಳಪು. ಬಿರುಕು ಹಳೆಯದು, ಪೂರ್ತಿ ತುಂಡಾದದ್ದು ಇತ್ತೀಚೆಗೆ.

ಸುರುಳಿಗಳ ನಡುವೆ ರಬ್ಬರ್ ಬಫರ್ ತುರುಕಿಸು ಎಂದು ನೆಂಟರೊಬ್ಬರು ಹೇಳಿದ್ದರು. ಎತ್ತರವೇನೋ ಬರುತ್ತದೆ, ಆದರೆ ಕೆಲಸ ಮಾಡುವ ಸುತ್ತು ಕಡಿಮೆಯಾಗಿ ಸ್ಪ್ರಿಂಗ್ ಗಡುಸಾಗುತ್ತದೆ. ಕಾರು ತಗ್ಗಲಿ ಎಂದು ಸ್ಪ್ರಿಂಗ್ ಕತ್ತರಿಸುವ ಹುಡುಗರಿಗೂ ಇದೇ ಲೆಕ್ಕ: ಸುತ್ತು ಅರ್ಧವಾದರೆ ಗಡಸು ಇಮ್ಮಡಿ.

ಒಂದೇ ಹಾಕಿಸೋಣ ಎಂದ ನನ್ನ ಜಿಪುಣತನಕ್ಕೆ ಮೇಸ್ತ್ರಿ ಒಪ್ಪಲಿಲ್ಲ. ಜೋಡಿ ಹಾಕಿದ. ಜಾಕ್ ಮೇಲಿದ್ದಾಗ ಹಿಂದಿನ ಆರ್ಮಿನ ಬೋಲ್ಟುಗಳನ್ನು ಸಡಿಲವಾಗೇ ಬಿಟ್ಟು, ಕಾರು ಚಕ್ರದ ಮೇಲೆ ನಿಂತ ಮೇಲೆ ಕೊನೆಯ ಬಿಗಿ ಕೊಟ್ಟ. ಚಕ್ರ ಜೋತಿರುವಾಗಲೇ ಬಿಗಿದರೆ ರಬ್ಬರ್ ಬುಶ್ ಆ ಭಂಗಿಯಲ್ಲೇ ಕಚ್ಚಿಕೊಂಡು ಗಾಡಿಯನ್ನು ಸುಮ್ಮನೆ ಎತ್ತಿ ಹಿಡಿಯುತ್ತದಂತೆ; ಬೇಗ ಹರಿಯುವುದು ಬೇರೆ. ಊರೊಳಗೆ ಒಂದು ಸುತ್ತು ಹೊಡೆದು ಬಂದು ಅಳೆದರೆ ಎರಡೂ ಕಡೆ 371. ಅಂದರೆ ಸರಿಯಿದೆ ಎಂದುಕೊಂಡಿದ್ದ ಬಲಗಡೆಯದೂ ಸದ್ದಿಲ್ಲದೆ 11 ಮಿಲಿ ಕುಸಿದಿತ್ತು.

ಇನ್ನೊಂದು ವಿಷಯ. ಒಂದು ವರ್ಷದಿಂದ ರಾತ್ರಿ ಘಟ್ಟದಲ್ಲಿ ನಾನು ಲೈಟು ಡಿಪ್ ಮಾಡಿದರೂ ಎದುರಿನವರು ಡಿಪ್ಪರ್ ಹೊಡೆಯುತ್ತಿದ್ದರು. ಎಂಥ ಜನ ಎಂದು ಬೈದುಕೊಳ್ಳುತ್ತಿದ್ದೆ. ಹಿಂಭಾಗ ಕುಸಿದು ಮೂತಿ ಮೇಲೆದ್ದಿದ್ದರಿಂದ ನನ್ನ ಬೆಳಕು ನೇರ ಅವರ ಕಣ್ಣಿಗೇ ಹೋಗುತ್ತಿತ್ತು. ಈಗ ಯಾರೂ ಹೊಡೆಯುವುದಿಲ್ಲ.