ಫೋಟೋಕಾರ್ಡಿಗೆ ಎಷ್ಟು ಕೊಡಬಹುದು?

ಕೆ-ಪಾಪ್ ಫೋಟೋಕಾರ್ಡುಗಳನ್ನು ಕೊಳ್ಳುವುದು, ಮಾರುವುದು, ಬದಲಿಸಿಕೊಳ್ಳುವುದು ನನಗೆ ಹಲವು ವರ್ಷಗಳ ರೂಢಿ. ಬೆಂಗಳೂರಲ್ಲಿ ಹೊಸದಾಗಿ ಸಂಗ್ರಹ ಶುರು ಮಾಡಿದವರು ಬೆಲೆಯ ಬಗ್ಗೆ ಕೇಳಿದಾಗ ನಾನು ಹೇಳುವ ಮಾತುಗಳಿವು.

1. ಕಾರ್ಡು ಹೇಗೆ ಹಂಚಿಕೆಯಾಯಿತು ಎಂದು ಮೊದಲು ವಿಚಾರಿಸಿ. 2010ರಲ್ಲಿ ಗರ್ಲ್ಸ್ ಜನರೇಷನ್ ತಂಡದ ‘ಓಹ್!’ ಆಲ್ಬಂ ಜೊತೆ ಸದಸ್ಯೆಯರ ಕಾರ್ಡು ಬಂತು. ಆಮೇಲೆ ಕೊರಿಯಾದ ಬೇರೆ ಕಂಪನಿಗಳೂ ಅದೇ ದಾರಿ ಹಿಡಿದವು. ಆಲ್ಬಂ ಒಳಗಿನ ಕಾರ್ಡು ರಾಶಿ ರಾಶಿ ಅಚ್ಚಾಗುವುದರಿಂದ ಸಾಮಾನ್ಯವಾಗಿ ಅಗ್ಗ. ಪ್ರಿ-ಆರ್ಡರ್ ಮಾಡಿದವರಿಗೆ ಆಯಾ ಅಂಗಡಿ ಕೊಡುವ ಕಾರ್ಡು ಅದಕ್ಕಿಂತ ಕಡಿಮೆ ಸಂಖ್ಯೆಯಲ್ಲಿರುತ್ತದೆ, ಲಕ್ಕಿ ಡ್ರಾ ಕಾರ್ಡು ಇನ್ನೂ ಕಡಿಮೆ. ‘ಮ್ಯೂಸಿಕ್ ಬ್ಯಾಂಕ್’, ‘ಇಂಕಿಗಾಯೊ’ ಥರದ ಟಿವಿ ಕಾರ್ಯಕ್ರಮಗಳ ಚಿತ್ರೀಕರಣಕ್ಕೆ ಹೋದ ಅಭಿಮಾನಿಗಳಿಗಷ್ಟೇ ಕೊಡುವ ಕಾರ್ಡಿನ ಬೆಲೆಯೇ ಬೇರೆ. ಸ್ಟುಡಿಯೊದಲ್ಲಿ ಎಷ್ಟು ಜನ ಹಿಡಿಯುತ್ತಾರೋ ಹೆಚ್ಚುಕಡಿಮೆ ಅಷ್ಟೇ ಕಾರ್ಡು.

2. ಒಂದೇ ಸಂಖ್ಯೆಯಲ್ಲಿ ಅಚ್ಚಾದರೂ ಎಲ್ಲ ಸದಸ್ಯರ ಕಾರ್ಡಿಗೂ ಒಂದೇ ಬೆಲೆ ಇರುವುದಿಲ್ಲ. ಬೆಲೆ ನಿಲ್ಲುವುದು ಆ ಸದಸ್ಯರ ಕಾರ್ಡಿಗಿರುವ ಬೇಡಿಕೆಯ ಮೇಲೆ; ಹಾಡುವ, ಕುಣಿಯುವ ಪ್ರತಿಭೆಗೂ ಇದಕ್ಕೂ ಸಂಬಂಧವಿಲ್ಲ. ನಿಮ್ಮ ಮೆಚ್ಚಿನ ಸದಸ್ಯರ ಕಾರ್ಡು ಅಗ್ಗಕ್ಕೆ ಸಿಕ್ಕರೆ ಸಂತೋಷದಿಂದ ತಗೊಳ್ಳಿ.

3. ಬೇಕಾದ ಕಾರ್ಡಿಗಾಗಿ ಆಲ್ಬಂ ಮೇಲೆ ಆಲ್ಬಂ ಕೊಳ್ಳಬೇಡಿ. ಸೆವೆಂಟೀನ್ 13 ಜನರ ತಂಡವಾಗಿ ಹೆಸರಾದದ್ದು. ಆಲ್ಬಂಗೆ ಒಂದೇ ಕಾರ್ಡು, ಯಾರದು ಬೇಕಾದರೂ ಬರಬಹುದು ಎಂದಿಟ್ಟುಕೊಂಡರೆ, ಒಬ್ಬರ ಕಾರ್ಡು ಸಿಗಲು ಸರಾಸರಿ 13 ಆಲ್ಬಂ ಬೇಕು. ಬಿಡಿ ಕಾರ್ಡನ್ನೇ ಕೊಂಡರೆ ಅಷ್ಟು ಆಲ್ಬಂಗಳ ಬೆಲೆಯ ಒಂದು ಪಾಲಿನಲ್ಲಿ ಕೆಲಸ ಮುಗಿಯುತ್ತದೆ. ಕಾರ್ಡು ತೆಗೆದುಕೊಂಡು ಸಿಡಿಗಳನ್ನು ಕಸಕ್ಕೆ ಹಾಕುವುದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ. ‘ಕೆಪಾಪ್ ಫಾರ್ ಪ್ಲಾನೆಟ್’ ಎಂಬ ಅಭಿಮಾನಿಗಳ ಗುಂಪು ಇದರ ವಿರುದ್ಧ ದನಿ ಎತ್ತಿದೆ. ನನ್ನ ಪೂರ್ತಿ ಬೆಂಬಲ ಅವರಿಗೆ.

4. ಮಾರುವವರು ಕೇಳುವ ಬೆಲೆಯನ್ನು ನಂಬಬೇಡಿ, ಮಾರಾಟವಾದ ಬೆಲೆ ನೋಡಿ. ಜಪಾನಿನ ಮರುಮಾರಾಟದ ಜಾಲತಾಣ ಮೆರ್ಕಾರಿಯಲ್ಲಿ ಮಾರಿಹೋದ ವಸ್ತುಗಳೂ ಕಾಣಿಸುತ್ತವೆ. ಆಲ್ಬಂ ಬಿಡುಗಡೆಯಾದ ವಾರ ಬೆಲೆ ಏರಿರುತ್ತದೆ. ಎಲ್ಲರ ಪೆಟ್ಟಿಗೆ ಮನೆ ತಲುಪಿದ ಮೇಲೆ ಸಾಮಾನ್ಯವಾಗಿ ಇಳಿಯುತ್ತದೆ. ಹಲವರು ಸೇರಿ ಗ್ರೂಪ್ ಆರ್ಡರಿನಲ್ಲಿ ತರಿಸುವುದಾದರೆ ಅಂಚೆ ವೆಚ್ಚ, ಕಸ್ಟಮ್ಸ್ ಸುಂಕದ ಪಾಲನ್ನೂ ಮೊದಲೇ ಕೂಡಿಸಿಕೊಳ್ಳಿ.

5. ಸ್ಥಿತಿ ನೋಡದೆ ದುಡ್ಡು ಕೊಡಬೇಡಿ. ಕಾರ್ಡು ಸಾಮಾನ್ಯವಾಗಿ 55 ಮಿ.ಮೀ. ಅಗಲ, 85 ಮಿ.ಮೀ. ಉದ್ದ. ನೇರ ಬೆಳಕಿನಲ್ಲಿ ಎಲ್ಲವೂ ಹೊಸದೇ. ಟೇಬಲ್ ಲ್ಯಾಂಪಿನ ಕೆಳಗೆ ಮೆಲ್ಲಗೆ ಓರೆ ಮಾಡುತ್ತ ಬಂದರೆ ಕೂದಲೆಳೆಯಂಥ ಗೀರುಗಳು, ಉಗುರು ಒತ್ತಿದ ತಗ್ಗು ಎದ್ದು ಕಾಣುತ್ತವೆ. ನಾಲ್ಕೂ ಮೂಲೆಗಳಲ್ಲಿ ಬಣ್ಣ ಸವೆದು ಬಿಳಿಯಾಗಿದೆಯೇ ನೋಡಿ. ದೂರದವರಿಂದ ಕೊಳ್ಳುವಾಗ ಹೀಗೆ ಓರೆ ಮಾಡಿ ತೆಗೆದ ವಿಡಿಯೊ ಕೇಳಿ, ಪಕ್ಕದಲ್ಲಿ ಅವರ ಹೆಸರು, ಆ ದಿನದ ತಾರೀಖು ಬರೆದ ಚೀಟಿ ಇರಲಿ. ಕೊಡಲು ಒಪ್ಪದಿದ್ದರೆ ಕೈಬಿಡಿ.

6. ನಕಲಿ ಗುರುತಿಸಲು ಅದೇ ಆಲ್ಬಂನ ಅಸಲಿ ಕಾರ್ಡನ್ನು ಪಕ್ಕಕ್ಕಿಡಿ. ಹಿಂಬದಿಯ ಸಣ್ಣ ಅಕ್ಷರ ಮಸುಕಾಗಿರುವುದು, ಮೂಲೆಯ ತಿರುವು ಬೇರೆ ಇರುವುದು, ಹೊಳಪು ಹೊಂದಿಕೆಯಾಗದಿರುವುದು ಅನುಮಾನಕ್ಕೆ ಸಾಕು.

7. ಕೊಂಡ ಕಾರ್ಡನ್ನು ಮೃದು ಪಿವಿಸಿ ಸ್ಲೀವಿನಲ್ಲಿ ವರ್ಷಗಟ್ಟಲೆ ಇಟ್ಟರೆ ಸ್ಲೀವು ಕಾರ್ಡಿನ ಮೇಲ್ಮೈಗೆ ಅಂಟಿಕೊಳ್ಳಬಹುದು. ಪಾಲಿಪ್ರೊಪಿಲೀನ್ ಸ್ಲೀವ್ ಕೊಳ್ಳಿ. ಬೆಲೆಬಾಳುವ ಕಾರ್ಡನ್ನು ಸ್ಲೀವಿನ ಸಮೇತ ಗಟ್ಟಿ ಪ್ಲಾಸ್ಟಿಕ್ಕಿನ ಟಾಪ್‌ಲೋಡರಿಗೆ ಹಾಕಿ. ಕರಾವಳಿ, ಮಲೆನಾಡಿನವರು ಮಳೆಗಾಲದಲ್ಲಿ ಬೈಂಡರ್ ಇಡುವ ಡಬ್ಬಿಗೆ ಸಿಲಿಕಾ ಜೆಲ್ ಪೊಟ್ಟಣ ಹಾಕಲೇಬೇಕು.