ಆಪ್ಷನ್ ಎಂಟ್ರಿಗೆ ಕೂರುವ ಮುನ್ನ

ಸಿಇಟಿ ರ‍್ಯಾಂಕ್ ಬಂದ ದಿನದಿಂದ ಮನೆಯಲ್ಲಿ ಸಲಹೆಗಾರರ ಸಂತೆ ನೆರೆಯುತ್ತದೆ. ಎಲ್ಲರ ಮಾತೂ ಕೇಳಿ. ಪಾಸ್‌ವರ್ಡ್ ಮಾತ್ರ ಸೈಬರ್ ಸೆಂಟರಿನವರ ಕೈಗೆ ಬಿಡಬೇಡಿ.

ಆಪ್ಷನ್ ಎಂಟ್ರಿಯಲ್ಲಿ ಪಟ್ಟಿಯ ಕ್ರಮವೇ ಎಲ್ಲ. ಕರ್ನಾಟಕ ಪರೀಕ್ಷಾ ಪ್ರಾಧಿಕಾರದ (ಕೆಇಎ) ಕಂಪ್ಯೂಟರ್ ನಿಮ್ಮ ಆಯ್ಕೆಗಳನ್ನು ಮೇಲಿನಿಂದ ಕೆಳಕ್ಕೆ ನೋಡುತ್ತಾ ಹೋಗಿ, ರ‍್ಯಾಂಕಿಗೆ ದಕ್ಕುವ ಮೊದಲ ಸೀಟನ್ನೇ ಕೊಡುತ್ತದೆ. ‘ಎಲ್ಲಿ ಸಿಕ್ಕೀತು’ ಎಂದು ಬೆಂಗಳೂರಿನ ಯುವಿಸಿಇಯಂಥ ಕಾಲೇಜನ್ನು ಕೆಳಗೆ ತಳ್ಳಿದರೆ ನಷ್ಟ ನಿಮಗೇ. ಮೇಲಿಟ್ಟು ಸಿಗದಿದ್ದರೆ ಕಳೆದುಕೊಳ್ಳುವುದೇನೂ ಇಲ್ಲ. ಹಾಗೆಯೇ, ಕೊಟ್ಟರೂ ಸೇರದ ಕಾಲೇಜನ್ನು ಸುಮ್ಮನೆ ತುಂಬಬೇಡಿ. ಅಣಕು ಹಂಚಿಕೆ ಕಂಡು ಗಾಬರಿ ಬೇಡ, ಅದಾದ ಮೇಲೂ ಕ್ರಮ ಬದಲಿಸಬಹುದು. ನಿಜವಾದ ಸೀಟು ಬಂದಾಗ ಚಾಯ್ಸ್ 1 ಎಂದರೆ ಸೇರಿಬಿಡುವುದು. 2 ಎಂದರೆ ಇದನ್ನು ಹಿಡಿದುಕೊಂಡೇ ಮೇಲಿನದಕ್ಕೆ ಕಾಯುವುದು. 3 ಎಂದರೆ ಕೈಲಿದ್ದುದನ್ನು ಬಿಟ್ಟು ಮುಂದಿನ ಸುತ್ತಿಗೆ ಹೋಗುವುದು. ಈ ಮೂರನೆಯದನ್ನು ಧೈರ್ಯ ಎನ್ನುವವರಿದ್ದಾರೆ, ನನ್ನ ಪ್ರಕಾರ ಅದು ಜೂಜು.

ಗ್ರಾಮೀಣ, ಕನ್ನಡ ಮಾಧ್ಯಮ ಮೀಸಲಾತಿಗೆ 1ರಿಂದ 10ನೇ ತರಗತಿವರೆಗಿನ ವ್ಯಾಸಂಗ ಪ್ರಮಾಣಪತ್ರ ಬೇಕು. ಕ್ಷೇತ್ರ ಶಿಕ್ಷಣಾಧಿಕಾರಿಯ (ಬಿಇಒ) ಮೇಲುಸಹಿಗೆ ಕೊನೆಯ ವಾರ ಓಡಬೇಡಿ.

ಬ್ರ್ಯಾಂಚೋ ಕಾಲೇಜೋ ಎಂಬ ಜಗಳ ಮುಗಿಯುವಂಥದ್ದಲ್ಲ. ಗಣಿತ ಕಂಡರೆ ಓಡುವ ಹುಡುಗನನ್ನು ಪಕ್ಕದ ಮನೆಯವರ ಮಾತಿಗೆ ಕಂಪ್ಯೂಟರ್ ಸೈನ್ಸಿಗೆ ನೂಕಬೇಡಿ, ಅಷ್ಟೆ. ‘ಎನ್‌ಬಿಎ ಮಾನ್ಯತೆ’ ಎಂಬ ಫಲಕ ಕಂಡರೆ ಯಾವ ಬ್ರ್ಯಾಂಚಿಗೆ, ಯಾವ ವರ್ಷದವರೆಗೆ ಎಂದು ಕೇಳಿ. ಅದನ್ನು ಕೊಡುವುದು ಆಯಾ ಕೋರ್ಸಿಗೆ, ಇಡೀ ಕಾಲೇಜಿಗಲ್ಲ. ತರಗತಿ ನಡೆಯುವ ದಿನವೇ ಹೋಗಿ, ಕ್ಯಾಂಟೀನಿನಲ್ಲಿ ಕೊನೆಯ ವರ್ಷದ ಮಕ್ಕಳನ್ನು ಮಾತಿಗೆಳೆಯಿರಿ. ಲ್ಯಾಬಿನ ಬೀಗ ಎಷ್ಟು ಸಲ ತೆಗೆಯುತ್ತಾರೆಂದು ಅವರು ಮುಚ್ಚುಮರೆಯಿಲ್ಲದೆ ಹೇಳುತ್ತಾರೆ.